ಆಪರೇಷನ್ ಆಯಿತು, ನೀರು ಯಾವಾಗ?

ಕಲಘಟಗಿ ತಾಲ್ಲೂಕಿನ ಹಳ್ಳಿಗಳಿಂದ ಆಪರೇಷನ್ನಿಗೆಂದು ಹೊರಡುವವರು ಸಾಮಾನ್ಯವಾಗಿ ಊರಿನ ತಾಲ್ಲೂಕು ಆಸ್ಪತ್ರೆಗೆ ಬರುತ್ತಾರೆ. ಅಲ್ಲಿ ಆಗದ್ದಕ್ಕೆ ಸುಮಾರು 30 ಕಿಲೋಮೀಟರ್ ದೂರದ ಹುಬ್ಬಳ್ಳಿಯ ಬಸ್ಸು ಹತ್ತುತ್ತಾರೆ. 1957ರಲ್ಲಿ ಕರ್ನಾಟಕ ಮೆಡಿಕಲ್ ಕಾಲೇಜು ಎಂದು ಶುರುವಾಗಿ ಈಗಲೂ ಜನರ ಬಾಯಲ್ಲಿ ಕಿಮ್ಸ್ ಆಗಿಯೇ ಉಳಿದಿರುವ ದೊಡ್ಡಾಸ್ಪತ್ರೆ ಅಲ್ಲಿದೆ. ಧಾರವಾಡದ ಹಾದಿಯಲ್ಲಿ ಸತ್ತೂರಿನ ಎಸ್‌ಡಿಎಂ ಆಸ್ಪತ್ರೆ ಇದೆ. ಹೊರಡುವ ಮುಂಚೆ ಮನೆಯವರು ಕೇಳುವುದು ಎರಡೇ ಪ್ರಶ್ನೆ: ಜೀವಕ್ಕೆ ಅಪಾಯ ಇದೆಯೇ, ಖರ್ಚು ಎಷ್ಟು. ಎರಡೂ ನ್ಯಾಯವಾದ ಪ್ರಶ್ನೆಗಳೇ. ಆದರೆ ಥಿಯೇಟರಿನಿಂದ ಸ್ಟ್ರೆಚರ್ ಹೊರಗೆ ಬಂದ ಮೇಲೆ ವಾರ್ಡಿನಲ್ಲಿ ಏಳುವ ಮಾತೇ ಬೇರೆ. ‘ಹೊಟ್ಟಿ ತೊಳಸಾಕತ್ತೈತಿ’, ‘ಬಾಯಿ ಒಣಗೇತಿ, ಒಂದ್ ಗುಟುಕ ನೀರ ಕೊಡ್ರಿ’ ಎಂದು ರೋಗಿ. ‘ಈಗ ಬ್ಯಾಡ, ಡಾಕ್ಟ್ರು ಬಂದು ಹೇಳ್ತಾರ’ ಎಂದು ಹಾಸಿಗೆಯ ಬದಿಗೆ ಕೂತವರು. ಆ ‘ಈಗ’ ಎಷ್ಟು ಹೊತ್ತಿನದು ಎಂಬುದು ಇಬ್ಬರಿಗೂ ಗೊತ್ತಿರುವುದಿಲ್ಲ. ಆಪರೇಷನ್ ಎಂದ ಮೇಲೆ ಇಷ್ಟೆಲ್ಲ ತಡೆದುಕೊಳ್ಳಲೇಬೇಕು ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ವಾಕರಿಕೆಯಾಗಲಿ ನೀರಡಿಕೆಯಾಗಲಿ ಹೀಗೆ ತಡೆದುಕೊಳ್ಳಬೇಕಾದ ವಿಧಿಯಲ್ಲ. ಯಾರಿಗೆ ಬರುತ್ತದೆಂದು ಮುಂಚೆಯೇ ಊಹಿಸಬಹುದು, ಬಹುಪಾಲು ತಡೆಯಬಹುದು, ಬಂದರೆ ಕಡಿಮೆ ಮಾಡಬಹುದು. ಅದಕ್ಕೆ ಬೇಕಾದ ಜ್ಞಾನವೂ ಔಷಧವೂ ತಾಲ್ಲೂಕು ಆಸ್ಪತ್ರೆಯ ಅಳತೆಗೆ ಮೀರಿದವಲ್ಲ. ಕೊರತೆ ಇರುವುದು ಒಂದೇ ಕಡೆ: ‘ಬೇಡ’ ಎಂಬ ಆದೇಶದ ಜೊತೆಗೆ ಗಡಿಯಾರದ ಸಮಯ ಹೇಳದಿರುವಲ್ಲಿ.

ಇದು ಸಣ್ಣ ವಿಷಯ, ಗಾಯ ಮಾಯುವುದು ಮುಖ್ಯ ಎನ್ನುವವರಿದ್ದಾರೆ. ರೋಗಿಗಳು ಹಾಗೆಂದುಕೊಂಡಿಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್‌ನ ವೈದ್ಯರು 1999ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಆಪರೇಷನ್ ನಂತರ ಯಾವುದು ಬರಬಾರದು ಎಂದು ರೋಗಿಗಳನ್ನೇ ಕೇಳಲಾಯಿತು. ಎಲ್ಲಕ್ಕಿಂತ ಮೊದಲ ಸ್ಥಾನ ಸಿಕ್ಕಿದ್ದು ವಾಂತಿಗೆ. ಗಾಯದ ನೋವು ಅದರ ನಂತರ ಬಂತು. ದೇಹದ ಲೆಕ್ಕದಲ್ಲೂ ಇದು ಸಣ್ಣದಲ್ಲ. ಒಮ್ಮೆ ಜೋರಾಗಿ ವಾಂತಿಯಾದರೆ ಹೊಟ್ಟೆಯ ಸ್ನಾಯುಗಳು ಬಿಗಿದು ಹೊಸ ಹೊಲಿಗೆಯ ಮೇಲೆ ಭಾರ ಬೀಳುತ್ತದೆ, ರಕ್ತದೊತ್ತಡ ಏರುತ್ತದೆ, ನುಂಗಿದ ನೋವಿನ ಮಾತ್ರೆ ಹೊರಗೆ ಬರುತ್ತದೆ. ಕಣ್ಣಿನ ಆಪರೇಷನ್ ಆದವರಿಗೆ ಆ ಒತ್ತಡವೇ ಕೇಡು ತರಬಲ್ಲದು. ಸಿಸೇರಿಯನ್ ಆದ ತಾಯಿ ವಾಂತಿಯಿಂದ ಬಸವಳಿದರೆ ಕೂಸಿಗೆ ಮೊದಲ ಹಾಲು ಕುಡಿಸುವುದು ತಡವಾಗುತ್ತದೆ. ಎದ್ದು ಕೂಡುವುದು, ನಡೆಯುವುದು, ಮನೆಗೆ ಹೋಗುವುದು ಎಲ್ಲವೂ ಹಿಂದೆ ಬೀಳುತ್ತವೆ. ದಿನಗೂಲಿ ಬಿಟ್ಟು ಆಸ್ಪತ್ರೆಯಲ್ಲಿ ಕೂತ ಮನೆಯವರಿಗೆ ಆ ಹೆಚ್ಚಿನ ಒಂದು ದಿನವೂ ಖರ್ಚೇ.

ಹೊಟ್ಟೆ ತೊಳಸುವುದೇಕೆ?

ವಾಂತಿ ಹೊಟ್ಟೆಯಿಂದ ಬರುತ್ತದೆಂದು ಕಂಡರೂ ಅದರ ಅಪ್ಪಣೆ ಹೊರಡುವುದು ಮಿದುಳಿನ ಬುಡದಿಂದ. ಅಲ್ಲಿ ರಕ್ತದಲ್ಲಿ ಹರಿಯುವ ವಿಷವಸ್ತುಗಳನ್ನು ಗುರುತಿಸುವ ಒಂದು ಸಣ್ಣ ಜಾಗವಿದೆ. ಮಿದುಳಿನ ಉಳಿದ ಭಾಗಕ್ಕಿರುವ ರಕ್ಷಣೆಯ ತಡೆಗೋಡೆ ಅಲ್ಲಿ ಇಲ್ಲದ್ದರಿಂದ ಅರಿವಳಿಕೆಯ ಅನಿಲ, ಮಾರ್ಫಿನ್ ಜಾತಿಯ ನೋವು ನಿವಾರಕಗಳು ನೇರವಾಗಿ ಅದನ್ನು ತಟ್ಟುತ್ತವೆ. ಕರುಳನ್ನು ಮುಟ್ಟಿದಾಗ, ಎಳೆದಾಗ ಅದರ ಗೋಡೆಯಿಂದ ಸೆರೊಟೋನಿನ್ ಎಂಬ ರಾಸಾಯನಿಕ ಹೊರಬಿದ್ದು ನರದ ಮೂಲಕ ಅಲ್ಲಿಗೇ ಸುದ್ದಿ ಕಳಿಸುತ್ತದೆ. ಒಳಗಿವಿಯ ಸಮತೋಲನದ ಅಂಗ ಮೂರನೆಯ ದಾರಿ. ಬಸ್ಸಿನಲ್ಲಿ ವಾಂತಿ ಬರುವುದೂ, ಸ್ಟ್ರೆಚರನ್ನು ಗಕ್ಕನೆ ತಿರುಗಿಸಿದಾಗ ಹೊಟ್ಟೆ ತೊಳಸುವುದೂ ಇದರಿಂದಲೇ. ಭಯ, ನೋವು, ಕೆಟ್ಟ ವಾಸನೆ ಇವು ಮಿದುಳಿನ ಮೇಲುಭಾಗದಿಂದ ಬರುವ ನಾಲ್ಕನೆಯ ದಾರಿ. ಇಷ್ಟು ದಾರಿಗಳಿರುವುದರಿಂದ ಒಂದೇ ಇಂಜೆಕ್ಷನ್ ಎಲ್ಲರಿಗೂ ನಾಟುವುದಿಲ್ಲ. ‘ವಾಂತಿ ಇಂಜೆಕ್ಷನ್ ಕೊಟ್ಟರೂ ನಿಲ್ಲಲಿಲ್ಲ’ ಎಂಬ ದೂರಿಗೆ ಅರ್ಥವಿರುವುದು ಇಲ್ಲಿ: ಒಂದು ದಾರಿ ಮುಚ್ಚಿದೆ, ಉಳಿದವು ತೆರೆದೇ ಇವೆ.

ಯಾರಿಗೆ ಬರುತ್ತದೆ ಎಂಬುದನ್ನು ಮುಂಚೆಯೇ ಹೇಳುವ ಸರಳ ಲೆಕ್ಕವೊಂದನ್ನು ಜರ್ಮನಿಯ ಅರಿವಳಿಕೆ ತಜ್ಞ ಕ್ರಿಶ್ಚಿಯನ್ ಆಪ್ಫೆಲ್ ಮತ್ತು ಸಂಗಡಿಗರು 1999ರಲ್ಲಿ ಮುಂದಿಟ್ಟರು. ಅನಿಲದ ಅರಿವಳಿಕೆ ಪಡೆದವರಿಗೆ ಅನ್ವಯವಾಗುವ ಈ ಲೆಕ್ಕದಲ್ಲಿ ನೋಡಬೇಕಾದ ಅಂಶ ನಾಲ್ಕೇ: ರೋಗಿ ಹೆಂಗಸೇ, ಬೀಡಿ-ಸಿಗರೇಟು ಸೇದದವರೇ, ಹಿಂದೆ ಆಪರೇಷನ್ ಆದಾಗ ಅಥವಾ ಪ್ರಯಾಣದಲ್ಲಿ ವಾಂತಿಯಾಗಿತ್ತೇ, ಆಪರೇಷನ್ ನಂತರ ಮಾರ್ಫಿನ್ ಜಾತಿಯ ಔಷಧ ಕೊಡಬೇಕಾಗುತ್ತದೆಯೇ. ನಾಲ್ಕೂ ಇಲ್ಲದಿದ್ದರೆ ವಾಂತಿಯ ಸಂಭವ ಶೇ 10ರಷ್ಟು. ಒಂದಿದ್ದರೆ 20, ಎರಡಿದ್ದರೆ 40, ಮೂರಿದ್ದರೆ 60, ನಾಲ್ಕೂ ಇದ್ದರೆ 80. ಈ ಲೆಕ್ಕವನ್ನು ನಮ್ಮ ಕಡೆಯ ಹೆಣ್ಣುಮಗಳಿಗೆ ಹಚ್ಚಿ ನೋಡಿ. ಹೆಂಗಸು, ಬೀಡಿ ಸೇದುವವಳಲ್ಲ. ಥಿಯೇಟರಿನ ಬಾಗಿಲು ದಾಟುವ ಮೊದಲೇ ಶೇ 40. ಇನ್ನು ಬಸ್ಸಿನ ಪ್ರಶ್ನೆ. ಹುಬ್ಬಳ್ಳಿಯಿಂದ ಕಲಘಟಗಿ, ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿದು ಅಂಕೋಲೆಗೆ ಹೋಗುವ ದಾರಿಯ ಜನರಿಗೆ, ಮನೆಯಲ್ಲಿ ಯಾರು ಘಟ್ಟದ ತಿರುವಿನಲ್ಲಿ ಕಿಟಕಿಯ ಪಕ್ಕ ಕೂಡಲೇಬೇಕು ಎಂದು ಬಾಯಿಪಾಠವಿರುತ್ತದೆ. ‘ಬಸ್ಸಿನಾಗ ವಾಂತಿ ಆಗತೈತೇನು?’ ಎಂದು ಕೇಳಲು ಯಂತ್ರ ಬೇಕಿಲ್ಲ, ರಕ್ತಪರೀಕ್ಷೆ ಬೇಕಿಲ್ಲ. ಕೇಳಿ, ಉತ್ತರವನ್ನು ಕೇಸ್ ಶೀಟಿನಲ್ಲಿ ಬರೆದುಕೊಂಡರೆ ಅರ್ಧ ಕೆಲಸ ಆದಂತೆ. ಡಾಕ್ಟರು ಕೇಳದಿದ್ದರೆ ಮನೆಯವರೇ ಹೇಳಬೇಕು.

ಉಳಿದರ್ಧ ಔಷಧದ್ದು. 2004ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಪ್ರಕಟವಾದ, 5,199 ರೋಗಿಗಳಿದ್ದ ಪ್ರಯೋಗ ಈ ವಿಷಯದಲ್ಲಿ ದೊಡ್ಡ ಸಾಕ್ಷ್ಯ. ವಾರ್ಡುಗಳಲ್ಲಿ ಎಮೆಸೆಟ್ ಎಂದೇ ಕರೆಯುವ ಆಂಡಾನ್ಸೆಟ್ರಾನ್, ಡೆಕ್ಸಾಮೆಥಾಸೋನ್, ಡ್ರೋಪೆರಿಡಾಲ್ ಎಂಬ ಮೂರು ಔಷಧಗಳಲ್ಲಿ ಪ್ರತಿಯೊಂದೂ ವಾಂತಿಯ ಸಂಭವವನ್ನು ಸುಮಾರು ಕಾಲು ಭಾಗದಷ್ಟು ಇಳಿಸಿತು. ಒಂದರ ಮೇಲೊಂದು ಸೇರಿಸಿದಾಗ ಪ್ರತಿಯೊಂದೂ ತನ್ನ ಪಾಲಿನ ಕಾಲುಭಾಗವನ್ನು ಬೇರೆಯಾಗಿ ಕಳೆಯಿತು. ಇದರ ಮೇಲೆಯೇ 2020ರ ಅಂತರರಾಷ್ಟ್ರೀಯ ಮಾರ್ಗಸೂಚಿ ನಿಂತಿದೆ: ಅಪಾಯದ ಅಂಶ ಒಂದೋ ಎರಡೋ ಇದ್ದರೆ ಬೇರೆ ಬೇರೆ ದಾರಿಯ ಎರಡು ಔಷಧ, ಅದಕ್ಕಿಂತ ಹೆಚ್ಚಿದ್ದರೆ ಮೂರು-ನಾಲ್ಕು. ಅಷ್ಟಾದರೂ ಆರು ಗಂಟೆಯೊಳಗೆ ವಾಂತಿಯಾದರೆ ಕೊಟ್ಟದ್ದನ್ನೇ ಮತ್ತೆ ಕೊಡದೆ ಇನ್ನೊಂದು ಗುಂಪಿನದನ್ನು ಕೊಡಬೇಕು. ಇಷ್ಟು ಔಷಧ ಹಳ್ಳಿ ಕಡೆ ಎಲ್ಲಿಂದ ಎಂಬ ಮಾತು ಇಲ್ಲಿ ನಿಲ್ಲುವುದಿಲ್ಲ. ಆಂಡಾನ್ಸೆಟ್ರಾನ್, ಡೆಕ್ಸಾಮೆಥಾಸೋನ್ ಎರಡೂ ವಿಶ್ವ ಆರೋಗ್ಯ ಸಂಸ್ಥೆಯ ಅತ್ಯಗತ್ಯ ಔಷಧಗಳ ಪಟ್ಟಿಯಲ್ಲಿವೆ, ಎರಡೂ ಅಗ್ಗದವು. ತಲಾ 4 ಮಿಲಿಗ್ರಾಂ ಸಾಮಾನ್ಯ ಪ್ರಮಾಣ. ಡೆಕ್ಸಾಮೆಥಾಸೋನ್ ಸಕ್ಕರೆಯ ಅಂಶವನ್ನು ಸ್ವಲ್ಪ ಏರಿಸುವುದರಿಂದ ಮಧುಮೇಹಿಗಳಲ್ಲಿ ಎಚ್ಚರ ಬೇಕು. ಆ ತೀರ್ಮಾನ ವೈದ್ಯರದು.

ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಕೆಳಭಾಗವನ್ನಷ್ಟೇ ಮರಗಟ್ಟಿಸುವ ಸ್ಪೈನಲ್ ಅರಿವಳಿಕೆಯ ಕಥೆ ಬೇರೆ. ನಮ್ಮಲ್ಲಿ ಸಿಸೇರಿಯನ್ನಿಗೆ ಬಹುಮಟ್ಟಿಗೆ ಇದೇ ಬಳಕೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಶೇ 31.5ರಷ್ಟು ಹೆರಿಗೆಗಳು ಸಿಸೇರಿಯನ್. ಮದುವೆಯಾದ ಹೆಂಗಸರಲ್ಲಿ ಶೇ 57.4ರಷ್ಟು ಮಂದಿ ಸಂತಾನಶಕ್ತಿಹರಣ ಮಾಡಿಸಿಕೊಂಡವರು. ಅಂದರೆ ಆಪರೇಷನ್ ನಂತರದ ಸಂಕಟ ನಮ್ಮ ಕಡೆ ಬಹುಪಾಲು ಹೆಣ್ಣುಮಕ್ಕಳ ಸಂಕಟ. ಸ್ಪೈನಲ್‌ನಲ್ಲಿ ರಕ್ತದೊತ್ತಡ ತಟ್ಟನೆ ಇಳಿಯುತ್ತದೆ, ಮಿದುಳಿಗೆ ರಕ್ತ ಕಡಿಮೆಯಾಗಿ ವಾಕರಿಕೆ ಬರುತ್ತದೆ. ಆಗ ಬೇಕಾದ ಮೊದಲ ಚಿಕಿತ್ಸೆ ಒತ್ತಡ ಏರಿಸುವ ಔಷಧ, ವಾಂತಿಯದ್ದಲ್ಲ. ಹೆರಿಗೆಯ ರಕ್ತಸ್ರಾವ ನಿಲ್ಲಿಸಲು ಕೊಡುವ ಮೆಥರ್ಜಿನ್, ಕಾರ್ಬೊಪ್ರೋಸ್ಟ್ ಇಂಜೆಕ್ಷನ್‌ಗಳೂ ವಾಂತಿ ತರಿಸುತ್ತವೆ. ಅವು ಜೀವ ಉಳಿಸುವ ಔಷಧಗಳಾದ್ದರಿಂದ ಬಿಡುವಂತಿಲ್ಲ, ಆದರೆ ವಾಂತಿ ಬರಬಹುದೆಂದು ತಾಯಿಗೆ ಮೊದಲೇ ಹೇಳಿದರೆ ಅವಳ ಹೆದರಿಕೆಯಾದರೂ ತಪ್ಪುತ್ತದೆ. ವಾಂತಿಗೆ ಹೆದರಿ ನೋವಿನ ಔಷಧವನ್ನೇ ಕಡಿಮೆ ಮಾಡುವುದು ಇನ್ನೊಂದು ತಪ್ಪು ದಾರಿ, ಏಕೆಂದರೆ ನೋವೂ ವಾಂತಿ ತರುತ್ತದೆ. ಪ್ಯಾರಾಸಿಟಮಾಲ್, ಡೈಕ್ಲೋಫೆನಾಕ್‌ನಂಥ ಔಷಧಗಳನ್ನು ಹೊತ್ತಿಗೆ ಸರಿಯಾಗಿ ಕೊಟ್ಟು, ಗಾಯದ ಸುತ್ತ ಮರಗಟ್ಟಿಸುವ ಮದ್ದು ಹಾಕಿದರೆ ಮಾರ್ಫಿನ್ ಜಾತಿಯದ್ದು ಅಷ್ಟೇ ಕಡಿಮೆ ಸಾಕಾಗುತ್ತದೆ.

ಮನೆಮದ್ದಿನ ಬಗ್ಗೆಯೂ ಸಾಕ್ಷ್ಯ ನೋಡಿಯೇ ಮಾತಾಡಬೇಕು. ಶುಂಠಿಯನ್ನು ತಳ್ಳಿಹಾಕುವಂತಿಲ್ಲ. 363 ರೋಗಿಗಳಿದ್ದ ಐದು ಪ್ರಯೋಗಗಳನ್ನು ಒಟ್ಟುಗೂಡಿಸಿ 2006ರಲ್ಲಿ ನಡೆದ ವಿಶ್ಲೇಷಣೆ, ಕನಿಷ್ಠ 1 ಗ್ರಾಂ ಶುಂಠಿ ವಾಕರಿಕೆ-ವಾಂತಿಯನ್ನು ಕಡಿಮೆ ಮಾಡುತ್ತದೆ ಎಂದಿತು. ಆದರೆ ಅಲ್ಲಿ ಶುಂಠಿ ಕೊಟ್ಟದ್ದು ಆಪರೇಷನ್ನಿಗೆ ಮುಂಚೆ, ಅಳೆದ ಪ್ರಮಾಣದಲ್ಲಿ. ವಾಂತಿ ಶುರುವಾದ ಮೇಲೆ ಲೋಟ ತುಂಬ ಕಷಾಯ ಕುಡಿಸಿ ಅಲ್ಲ. ಕುಡಿಯಲು ಅಪ್ಪಣೆ ಸಿಕ್ಕ ಮೇಲೆ ಡಾಕ್ಟರನ್ನು ಕೇಳಿಯೇ ತೆಳು ಶುಂಠಿ ಕಷಾಯ ಗುಟುಕರಿಸುವುದು ಸರಿ. ಮಣಿಕಟ್ಟಿನ ಒಳಬದಿಯಲ್ಲಿ, ಮಡಿಕೆಯಿಂದ ಮೂರು ಬೆರಳು ಮೇಲೆ, ಎರಡು ಸ್ನಾಯುರಜ್ಜುಗಳ ನಡುವಿನ ಬಿಂದುವನ್ನು ಒತ್ತುವ ವಿಧಾನಕ್ಕೆ ಇನ್ನೂ ದೊಡ್ಡ ಸಾಕ್ಷ್ಯವಿದೆ. 59 ಪ್ರಯೋಗಗಳ, 7,667 ಜನರ ಮಾಹಿತಿಯನ್ನು ನೋಡಿದ 2015ರ ಕಾಕ್ರೇನ್ ಪರಿಶೀಲನೆ, ಬರೀ ನೆಪಕ್ಕೆ ಒತ್ತಿದ್ದಕ್ಕಿಂತ ಇದರಿಂದ ವಾಂತಿ ಕಡಿಮೆಯಾಯಿತೆಂದು ಕಂಡಿತು. ಹಾಸಿಗೆಯ ಪಕ್ಕ ಕೂತ ತಾಯಿಯೋ ಮಗಳೋ ಮಾಡಬಹುದಾದ ಕೆಲಸವಿದು, ಖರ್ಚಿಲ್ಲ, ಕೇಡಿಲ್ಲ. ಔಷಧದ ಜಾಗದಲ್ಲಿ ನಿಲ್ಲುವಂಥದ್ದಲ್ಲ, ಔಷಧದ ಜೊತೆಗೆ ನಿಲ್ಲುವಂಥದ್ದು. ಇವುಗಳ ಜೊತೆ ಕಿಟಕಿ ತೆರೆಯುವುದು, ಡೆಟಾಲ್-ಊಟದ ಗಾಢ ವಾಸನೆ ದೂರವಿಡುವುದು, ರೋಗಿಯನ್ನು ಗಡಿಬಿಡಿಯಲ್ಲಿ ಎಬ್ಬಿಸದೆ ನಿಧಾನವಾಗಿ ಹೊರಳಿಸುವುದು, ವಾಂತಿ ಬಂದಾಗ ತಲೆಯನ್ನು ಪಕ್ಕಕ್ಕೆ ತಿರುಗಿಸಿ ಹೊಲಿಗೆಯ ಮೇಲೆ ಮಡಿಸಿದ ಟವೆಲ್ ಒತ್ತಿ ಹಿಡಿಯುವುದು, ಇವೆಲ್ಲ ಕಲಿತರೆ ಬರುವ ಆರೈಕೆ.

ನೀರಿಗೆ ಹಾಕಿದ ಬೇಲಿ

ಇನ್ನು ನೀರಡಿಕೆ. ಅದರ ಬೀಜ ಬೀಳುವುದು ಆಪರೇಷನ್ನಿನ ಹಿಂದಿನ ರಾತ್ರಿ. ‘ರಾತ್ರಿ ಹನ್ನೆರಡರ ನಂತರ ಹನಿ ನೀರೂ ಬೇಡ’ ಎಂಬ ಮಾತು ಇಂದಿಗೂ ಕೇಳಿಬರುತ್ತದೆ. ಇದರ ಹಿಂದೆ ನಿಜವಾದ ಭಯವಿದೆ. ಅರಿವಳಿಕೆಯಲ್ಲಿ ನುಂಗುವ, ಕೆಮ್ಮುವ ಶಕ್ತಿ ಮಲಗಿರುತ್ತದೆ. ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಕುತ್ತು. ನ್ಯೂಯಾರ್ಕಿನ ಹೆರಿಗೆ ಆಸ್ಪತ್ರೆಯ ವೈದ್ಯ ಕರ್ಟಿಸ್ ಮೆಂಡಲ್ಸನ್ 1946ರಲ್ಲಿ ಇದನ್ನು ಜಗತ್ತಿಗೆ ತೋರಿಸಿದರು. 1932ರಿಂದ 1945ರವರೆಗಿನ 44,016 ಹೆರಿಗೆಗಳಲ್ಲಿ 66 ತಾಯಂದಿರಿಗೆ ಹಾಗಾಗಿತ್ತು. ಸತ್ತವರು ಇಬ್ಬರು, ಇಬ್ಬರೂ ಸತ್ತದ್ದು ಗಟ್ಟಿ ಆಹಾರ ಉಸಿರುನಾಳಕ್ಕೆ ಸಿಕ್ಕಿ. ಮೆಂಡಲ್ಸನ್ ಗಟ್ಟಿ ಆಹಾರವನ್ನೂ ದ್ರವವನ್ನೂ ಬೇರೆ ಬೇರೆಯಾಗಿಯೇ ವಿವರಿಸಿದ್ದರು. ಆಸ್ಪತ್ರೆಗಳು ಮುಂದೆ ಎರಡನ್ನೂ ಒಂದೇ ಬೇಲಿಯೊಳಗೆ ಹಾಕಿದವು. ಊಟ ಹೊಟ್ಟೆಯಿಂದ ಇಳಿಯಲು ಆರೆಂಟು ಗಂಟೆ ಬೇಕಾಗುತ್ತದೆ. ಬರೀ ನೀರು ಸುಮಾರು ಒಂದು ಗಂಟೆಯಲ್ಲಿ ಬಹುಪಾಲು ಇಳಿದುಹೋಗುತ್ತದೆ. ಕೆನಡಾದ ಕ್ಯಾಲ್ಗರಿಯಲ್ಲಿ ರೋಜರ್ ಮಾಲ್ಟ್ಬಿ ಮತ್ತು ಸಂಗಡಿಗರು 1986ರಲ್ಲಿ, ಆಪರೇಷನ್ನಿಗೆ ಎರಡು-ಮೂರು ಗಂಟೆ ಮೊದಲು 150 ಮಿಲಿಲೀಟರ್ ನೀರು ಕುಡಿದವರ ಹೊಟ್ಟೆಯಲ್ಲಿ, ಉಪವಾಸವಿದ್ದವರಿಗಿಂತ ಹೆಚ್ಚಿನ ದ್ರವ ಉಳಿಯಲಿಲ್ಲವೆಂದು ತೋರಿಸಿದರು. ಉಪವಾಸವಿದ್ದ ಮಾತ್ರಕ್ಕೆ ಹೊಟ್ಟೆ ಒಣಗುವುದೂ ಇಲ್ಲ; ಜೊಲ್ಲು ಮತ್ತು ಜಠರರಸ ಅಲ್ಲಿಗೆ ಬರುತ್ತಲೇ ಇರುತ್ತವೆ.

ಅಮೆರಿಕದ ಅರಿವಳಿಕೆ ತಜ್ಞರ ಸಂಘ 1999ರಿಂದಲೂ ಹೇಳುತ್ತಿರುವ ನಿಯಮ ಸ್ಪಷ್ಟವಾಗಿದೆ: ಎಣ್ಣೆ-ಮಾಂಸದ ಭಾರಿ ಊಟಕ್ಕೆ 8 ಗಂಟೆ, ಹಗುರ ತಿಂಡಿಗೂ ಹಾಲಿಗೂ 6 ಗಂಟೆ, ಎದೆಹಾಲಿಗೆ 4 ಗಂಟೆ, ನೀರಿನಂಥ ತಿಳಿ ದ್ರವಕ್ಕೆ 2 ಗಂಟೆ. ಭಾರತೀಯ ಅರಿವಳಿಕೆ ತಜ್ಞರ ಸಂಘವೂ 2020ರಲ್ಲಿ ಇದೇ ದಿಕ್ಕಿನ ಮಾರ್ಗಸೂಚಿ ಪ್ರಕಟಿಸಿತು. ತಿಳಿ ದ್ರವವೆಂದರೆ ಆಚೆ ಬದಿ ಕಾಣುವಂಥದ್ದು: ನೀರು, ಸೋಸಿದ ತಿಳಿ ಹಣ್ಣಿನ ರಸ, ಹಾಲಿಲ್ಲದ ಚಹಾ. ಹಾಲು ಹಾಕಿದ ಚಹಾ, ಮಜ್ಜಿಗೆ, ಗಂಜಿ, ಅಂಬಲಿ ಈ ಸಾಲಿಗೆ ಬರುವುದಿಲ್ಲ. ಅವು ಆರು ಗಂಟೆಯ ಲೆಕ್ಕದವು. ಈಗ ಹಳ್ಳಿಯ ಲೆಕ್ಕ ಮಾಡೋಣ. ಮೊದಲ ಬಸ್ಸಿಗೆ ಹೊರಡಬೇಕಾದವರು ರಾತ್ರಿ ಎಂಟಕ್ಕೇ ಉಂಡು ನೀರು ಕುಡಿದು ಮಲಗುತ್ತಾರೆ. ಅಂದಿನ ಪಟ್ಟಿಯಲ್ಲಿ ಅವರ ಸರದಿ ಮಧ್ಯಾಹ್ನ ಒಂದಕ್ಕೆ ಬಂದರೆ ಅಷ್ಟೊತ್ತಿಗೆ 17 ಗಂಟೆ. ಆಪರೇಷನ್ ಮುಗಿದು ‘ನಾಳೆ ಮುಂಜಾನೆ ನೋಡೋಣ’ ಎಂದರೆ ಎರಡೂ ಸೇರಿ ಒಂದೂವರೆ ದಿನ. ಎರಡು ಗಂಟೆ ಸಾಕೆಂದು ಶಾಸ್ತ್ರ ಹೇಳುವ ಕಡೆ ನಾವು ಒಂದೂವರೆ ದಿನ ಕಾಯಿಸುತ್ತಿದ್ದೇವೆ. ಪಟ್ಟಿಯಲ್ಲಿ ತಡವಿದ್ದವರಿಗೆ ಮುಂಜಾನೆ ಒಂದು ಲೋಟ ನೀರು ಕುಡಿಯಲು ಹೇಳಿದರೆ ಈ ಸಂಕಟದ ಅರ್ಧ ಭಾಗ ಹುಟ್ಟುವುದೇ ಇಲ್ಲ.

ಆಪರೇಷನ್ ನಂತರ ನೀರಡಿಕೆ ಅಷ್ಟು ಉಗ್ರವಾಗುವುದಕ್ಕೆ ಉಪವಾಸವೊಂದೇ ಕಾರಣವಲ್ಲ. ಬಾಯಿಯ ಜೊಲ್ಲು ಕಡಿಮೆ ಮಾಡಲೆಂದೇ ಕೊಡುವ ಗ್ಲೈಕೊಪೈರೊಲೇಟ್, ಅಟ್ರೋಪಿನ್ ಇಂಜೆಕ್ಷನ್ನು, ಒಣ ಆಕ್ಸಿಜನ್ ಬೀಸುವ ಮಾಸ್ಕು, ಗಂಟಲಿಗೆ ಇಳಿಸಿದ ನಳಿಕೆ, ಹೋದ ರಕ್ತ, ಎಲ್ಲ ಸೇರುತ್ತವೆ. ‘ಸಲಾಯಿನ್ ಹಚ್ಚೇವಲ್ಲ, ಇನ್ನೇನು ನೀರಡಿಕೆ?’ ಎಂಬ ಮಾತು ವಾರ್ಡಿನಲ್ಲಿ ಸಾಮಾನ್ಯ. ಆದರೆ ನೀರಡಿಕೆಗೆ ಎರಡು ಮೂಲಗಳಿವೆ. ರಕ್ತ ಒಂದೆರಡು ಶೇಕಡಾ ಗಾಢವಾದರೂ ಮಿದುಳು ನೀರು ಕೇಳುತ್ತದೆ. ಸಲಾಯಿನ್ ಅದನ್ನು ತಣಿಸುತ್ತದೆ. ಬಾಯಿ, ಗಂಟಲಿನ ಒಣಗು ಇನ್ನೊಂದು ಮೂಲ; ರಕ್ತನಾಳಕ್ಕೆ ಎಷ್ಟು ಬಾಟಲಿ ಹಚ್ಚಿದರೂ ಅದು ಹಾಗೇ ಉಳಿಯುತ್ತದೆ. ಬಾಯಲ್ಲಿ ತಂಪನ್ನು ಗುರುತಿಸುವ ನರಗಳಿವೆ. ಅವು ಎಚ್ಚೆತ್ತರೆ ಹೊಟ್ಟೆಗೆ ನೀರು ಇಳಿಯುವ ಮೊದಲೇ ಮಿದುಳಿಗೆ ಸಮಾಧಾನದ ಸುದ್ದಿ ಮುಟ್ಟುತ್ತದೆ. ಕ್ಯಾಲಿಫೋರ್ನಿಯಾದ ನರ್ಸಿಂಗ್ ಪ್ರಾಧ್ಯಾಪಕಿ ಕ್ಯಾಥ್ಲೀನ್ ಪುಂಟಿಲೊ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ, ತೀವ್ರ ನಿಗಾ ಘಟಕದ 252 ರೋಗಿಗಳ ಪ್ರಯೋಗದಲ್ಲಿ ಮಾಡಿದ್ದು ಮೂರೇ ಕೆಲಸ: ಬಾಯಿಗೆ ತಣ್ಣೀರು ಚಿಮುಕಿಸಿದರು, ಒದ್ದೆ ಸ್ಪಂಜಿನಿಂದ ಬಾಯೊಳಗೆ ಒರೆಸಿದರು, ತುಟಿಗೆ ತಂಪಿನ ಲೇಪ ಹಚ್ಚಿದರು. ನೀರಡಿಕೆಯ ಉಗ್ರತೆಯೂ ಅದರ ಸಂಕಟವೂ ಕಡಿಮೆಯಾದವು. ಕುಡಿಯಲು ಅಪ್ಪಣೆ ಇಲ್ಲದ ಹೊತ್ತಿನಲ್ಲೂ ಇಷ್ಟು ಮಾಡಬಹುದು. ಕುದಿಸಿ ಆರಿಸಿ ತಂಪು ಮಾಡಿದ ನೀರಿನಲ್ಲಿ ಸ್ವಚ್ಛ ಬಟ್ಟೆ ಅದ್ದಿ, ಹಿಂಡಿ, ಹಲ್ಲು-ನಾಲಿಗೆ-ಕೆನ್ನೆಯ ಒಳಬದಿ ಒರೆಸಿ. ರೋಗಿ ಪೂರ್ತಿ ಎಚ್ಚರವಿದ್ದರೆ ನರ್ಸ್ ಅನ್ನು ಕೇಳಿ ಬಾಯಿ ಮುಕ್ಕಳಿಸಿ ಉಗುಳಿಸಿ. ಆಕ್ಸಿಜನ್ ಮಾಸ್ಕ್ ಇರುವಾಗ ಮಾತ್ರ ತುಟಿಗೆ ಎಣ್ಣೆ, ತುಪ್ಪ, ವ್ಯಾಸಲೀನ್ ಬೇಡ. ಆಕ್ಸಿಜನ್ ಹತ್ತಿರ ಜಿಡ್ಡು ಬೆಂಕಿಗೆ ದಾರಿ ಮಾಡಬಹುದು.

ಗ್ಯಾಸ್ ಹೋಗುವವರೆಗೆ ಕಾಯಬೇಕೇ?

‘ಗ್ಯಾಸ್ ಹೋತೇನು?’ ಎಂಬುದು ಆಪರೇಷನ್ ವಾರ್ಡಿನ ಹಳೆಯ ಪ್ರಶ್ನೆ. ಗಾಳಿ ಹೋದರೆ ಕರುಳು ಎಚ್ಚೆತ್ತಿದೆ, ಅಲ್ಲಿಯವರೆಗೆ ಏನೂ ಕೊಡಬಾರದು ಎಂಬುದು ಅದರ ಹಿಂದಿನ ತರ್ಕ. ಆದರೆ ಕರುಳು ಒಮ್ಮೆಲೇ ಎಚ್ಚರಾಗುವುದಿಲ್ಲ. ಹೊಟ್ಟೆ ತೆರೆದ ಆಪರೇಷನ್ ಆದ ಮೇಲೆಯೂ ಸಣ್ಣಕರುಳು ಕೆಲವು ಗಂಟೆಗಳಲ್ಲಿ, ಜಠರ ಒಂದೆರಡು ದಿನದಲ್ಲಿ, ದೊಡ್ಡಕರುಳು ಎಲ್ಲಕ್ಕಿಂತ ಕೊನೆಗೆ ಎರಡು-ಮೂರು ದಿನದಲ್ಲಿ ಕೆಲಸಕ್ಕೆ ಮರಳುತ್ತವೆ. ಗ್ಯಾಸ್‌ಗಾಗಿ ಕಾಯುವುದೆಂದರೆ ಕೊನೆಯವನು ಏಳುವವರೆಗೆ ಮನೆಮಂದಿಯನ್ನೆಲ್ಲ ಹಸಿದು ಕೂಡಿಸಿದಂತೆ. ಡೆನ್ಮಾರ್ಕಿನ ಶಸ್ತ್ರಚಿಕಿತ್ಸಕ ಹೆನ್ರಿಕ್ ಕೆಹ್ಲೆಟ್ 1990ರ ದಶಕದಲ್ಲಿ ಈ ಹಳೆಯ ಕ್ರಮವನ್ನೇ ಪ್ರಶ್ನಿಸಿದರು: ಕಡಿಮೆ ಉಪವಾಸ, ಬೇಗ ನೀರು-ಆಹಾರ, ಬೇಗ ನಡಿಗೆ, ಮಾರ್ಫಿನ್ ಮಿತವಾಗಿ. ಅದೇ ಇಂದು ಜಗತ್ತಿನ ಹಲವು ಆಸ್ಪತ್ರೆಗಳ ಪದ್ಧತಿಯಾಗಿದೆ. ಸಿಸೇರಿಯನ್‌ಗೆ ಸಂಬಂಧಿಸಿದಂತೆ ಆ ಪಂಥದ ಅಂತರರಾಷ್ಟ್ರೀಯ ಸಂಸ್ಥೆ 2019ರಲ್ಲಿ ಕೊಟ್ಟ ಸಲಹೆ, ಎರಡು ಗಂಟೆಯೊಳಗೆ ಮಾಮೂಲಿ ಆಹಾರ ಶುರು ಮಾಡಬಹುದು ಎಂದು. ಸಿಸೇರಿಯನ್ ನಂತರ ತಡಮಾಡಿ ತಿನ್ನಿಸುವುದರಿಂದ ಲಾಭವಿದೆಯೇ ಎಂದು 2002ರಲ್ಲೇ ನೋಡಿದ ಕಾಕ್ರೇನ್ ಪರಿಶೀಲನೆಗೂ ಅಂಥ ನಿರ್ಬಂಧಕ್ಕೆ ಆಧಾರ ಸಿಗಲಿಲ್ಲ.

ಆಕ್ಷೇಪಗಳಿಗೆ ಉತ್ತರ

ಮೊದಲ ಆಕ್ಷೇಪ ವೈದ್ಯರದ್ದೇ: ಬೇಗ ನೀರು ಕೊಟ್ಟು ನೆತ್ತಿಗೇರಿದರೆ, ಶ್ವಾಸಕೋಶಕ್ಕೆ ಹೋದರೆ ಹೊಣೆ ಯಾರು? ಈ ಎಚ್ಚರ ತಪ್ಪಲ್ಲ, ಅದಕ್ಕೆ ಉತ್ತರ ಪರೀಕ್ಷೆಯಲ್ಲಿದೆ. ಕರೆದರೆ ಸರಿಯಾಗಿ ಮಾತಾಡುತ್ತಾರೆಯೇ, ಜೋರಾಗಿ ಕೆಮ್ಮಬಲ್ಲರೇ, ಜೊಲ್ಲು ನುಂಗಬಲ್ಲರೇ, ವಾಂತಿ ನಿಂತಿದೆಯೇ ಎಂದು ನೋಡಿ, ತಲೆಯ ಭಾಗ ಎತ್ತಿ, ಒಂದು ಚಮಚ ನೀರು ಕೊಟ್ಟು ಗಮನಿಸಿ, ಸರಿ ಹೋದರೆ ಗುಟುಕು, ಆಮೇಲೆ ಲೋಟ. ಈ ನಿಯಮ ಎಲ್ಲರಿಗೂ ಅಲ್ಲ ಎಂಬುದನ್ನೂ ಒತ್ತಿ ಹೇಳಬೇಕು. ಕರುಳು ತುಂಡರಿಸಿ ಹೊಲಿದವರು, ಹೊಟ್ಟೆಯೊಳಗೆ ತೂತು ಬಿದ್ದು ತುರ್ತಾಗಿ ಆಪರೇಷನ್ ಆದವರು, ಗಂಟಲು-ಅನ್ನನಾಳದ ಆಪರೇಷನ್ ಆದವರು, ತಲೆಗೆ ಪೆಟ್ಟು ಬಿದ್ದವರು, ಮಂಪರು ಇಳಿಯದವರು, ಇವರ ವಿಷಯದಲ್ಲಿ ಶಸ್ತ್ರಚಿಕಿತ್ಸಕರ ಮಾತೇ ಕೊನೆಯದು. ಮನೆಯವರು ಕದ್ದು ನೀರು ಕುಡಿಸುವುದು ಯಾವ ಕಾರಣಕ್ಕೂ ಸಲ್ಲದು. ಆದರೆ ಹತ್ತು ಜನರಲ್ಲಿ ಇಬ್ಬರಿಗೆ ಬೇಕಾದ ನಿರ್ಬಂಧವನ್ನು ಹತ್ತೂ ಜನರಿಗೆ ಹೇರುವುದು ಎಚ್ಚರಿಕೆಯಾಗುವುದಿಲ್ಲ. ಅಷ್ಟಕ್ಕೂ, ಸಮಯ ಹೇಳದ ಆದೇಶವೇ ಕದ್ದು ಕುಡಿಸಲು ಪ್ರೇರಣೆ. ‘ಸಂಜೆ ಐದಕ್ಕೆ ಒಂದು ಚಮಚ’ ಎಂದು ಗೊತ್ತಿದ್ದರೆ ಕಾಯುವುದು ಕಷ್ಟವಲ್ಲ.

ಎರಡನೆಯದು ಆಡಳಿತದ ಆಕ್ಷೇಪ: ಇರುವ ನರ್ಸ್‌ಗಳು ಬೆರಳೆಣಿಕೆ, ಅರಿವಳಿಕೆ ತಜ್ಞರು ಎಲ್ಲ ದಿನವೂ ಸಿಗುವುದಿಲ್ಲ, ಇದನ್ನೆಲ್ಲ ಮಾಡುವವರು ಯಾರು? ಸಿಬ್ಬಂದಿ ಹೆಚ್ಚಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಇಲ್ಲಿ ಹೇಳುತ್ತಿರುವುದಕ್ಕೆ ಬೇಕಾದ್ದು ಹೊಸ ಹುದ್ದೆಗಿಂತ ಮೊದಲು ನಾಲ್ಕು ಸಾಲು. ಪ್ರತಿ ರೋಗಿಯ ಹಾಸಿಗೆಯ ಬದಿಗೆ, ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ನಾಲ್ಕು ಸಮಯ ಬರೆಯಲಿ: ಕೊನೆಯ ಊಟ ಎಷ್ಟು ಹೊತ್ತಿಗೆ, ಕೊನೆಯ ನೀರು ಎಷ್ಟು ಹೊತ್ತಿಗೆ, ಆಪರೇಷನ್ ನಂತರ ಮೊದಲ ಗುಟುಕು ಎಷ್ಟು ಹೊತ್ತಿಗೆ, ಮೊದಲ ಆಹಾರ ಎಷ್ಟು ಹೊತ್ತಿಗೆ. ಓದಲು ಬಾರದವರಿಗೆ ಒಮ್ಮೆ ಬಾಯಲ್ಲಿ ಹೇಳಿ, ಅವರಿಂದ ತಿರುಗಿ ಹೇಳಿಸಲಿ. ಆರೈಕೆಯ ಕೈಗಳು ನಮ್ಮ ವಾರ್ಡುಗಳಲ್ಲಿ ಈಗಾಗಲೇ ಇವೆ. ಪ್ರತಿ ಹಾಸಿಗೆಯ ಪಕ್ಕದಲ್ಲೂ ಒಬ್ಬರು ಕೂತೇ ಇರುತ್ತಾರೆ. ಏನು, ಯಾವಾಗ, ಎಷ್ಟು ಎಂದು ಯಾರಾದರೂ ಹೇಳಿಕೊಟ್ಟರೆ ಅವರೇ ಅರ್ಧ ನರ್ಸ್. ನೀರೆಂದರೆ ಇವರು ಗಂಜಿ ಕುಡಿಸಿಬಿಡುತ್ತಾರೆ ಎಂದು ಹಳ್ಳಿಯವರ ಬುದ್ಧಿಯ ಬಗ್ಗೆ ಅನುಮಾನ ಪಡುವವರಿದ್ದಾರೆ. ಹತ್ತಿಗೆ ಯಾವ ಔಷಧ ಎಷ್ಟು ದಿನಕ್ಕೆ ಹೊಡೆಯಬೇಕು ಎಂಬ ಲೆಕ್ಕ ನೆನಪಿಡುವ ಜನಕ್ಕೆ ನಾಲ್ಕು ಸಮಯ ನೆನಪಿಡುವುದು ಭಾರವಲ್ಲ.

ಮೂರನೆಯ ಆಕ್ಷೇಪ ಮನೆಯೊಳಗಿನದು. ಬಾಣಂತಿ ನೀರು ಕುಡಿದರೆ ಹೊಟ್ಟೆ ಬರುತ್ತದೆ, ಹೊಲಿಗೆ ಇದ್ದವರು ಅನ್ನ, ಮೊಸರು, ಬೇಳೆ ತಿಂದರೆ ಕೀವಾಗುತ್ತದೆ, ನಂಜಾಗುತ್ತದೆ ಎಂದು ಹಿರಿಯರು ತಡೆಯುತ್ತಾರೆ. ಅವರ ಕಾಳಜಿ ನಿಜ, ನಂಬಿಕೆಗೆ ಆಧಾರವಿಲ್ಲ. ಹೆರಿಗೆಯ ನಂತರ ಹೊಟ್ಟೆ ದೊಡ್ಡದಾಗಿ ಕಾಣುವುದು ಹಿಗ್ಗಿದ ಸ್ನಾಯು ಮತ್ತು ಗರ್ಭಕೋಶದಿಂದ, ನೀರಿನಿಂದ ಅಲ್ಲ. ಕೀವು ಆಗುವುದು ಗಾಯಕ್ಕೆ ಸೋಂಕು ತಗುಲಿದಾಗ. ಬೇಳೆಯ ಪ್ರೋಟೀನ್ ಗಾಯ ಮಾಯಲು ಬೇಕಾದ ವಸ್ತು. ಹಾಲೂಡಿಸುವ ತಾಯಿಗೆ ನೀರು ಸಾಮಾನ್ಯಕ್ಕಿಂತ ಹೆಚ್ಚೇ ಬೇಕು. ನೀರು ಕಡಿಮೆಯಾದರೆ ಮಲಬದ್ಧತೆ, ಮೂತ್ರದ ಉರಿ, ಮುಕ್ಕಿ ಹೊಲಿಗೆಗೆ ನೋವು, ಇವೇ ಬರುವುದು. ಅತ್ತೆಯ, ತಾಯಿಯ ಮಾತನ್ನು ಮೀರುವ ಧೈರ್ಯ ಬಾಣಂತಿಗೆ ಇರುವುದಿಲ್ಲ. ಹಾಗಾಗಿ ಈ ಮಾತನ್ನು ಡಾಕ್ಟರು, ಆಶಾ ಕಾರ್ಯಕರ್ತೆಯರು ಅವಳಿಗಿಂತ ಮೊದಲು ಅತ್ತೆಗೆ ಹೇಳಬೇಕು.

ಒಂದು ಗೆರೆ ಮಾತ್ರ ದಾಟಬಾರದು. ಹಸಿರು ಬಣ್ಣದ ವಾಂತಿ, ಹೊಟ್ಟೆ ಉಬ್ಬರಿಸಿ ಬಿಗಿಯಾಗುವುದು, ವಾಂತಿಯಲ್ಲಿ ರಕ್ತ, ಆರೆಂಟು ಗಂಟೆಯಾದರೂ ಮೂತ್ರ ಬಾರದಿರುವುದು, ಜ್ವರ, ಮಂಪರು, ಉಸಿರಾಟದ ಕಷ್ಟ, ಏರುತ್ತಲೇ ಇರುವ ನೋವು ಇವು ಮಣಿಕಟ್ಟು ಒತ್ತಿ, ಶುಂಠಿ ಕೊಟ್ಟು ನೋಡುವ ಲಕ್ಷಣಗಳಲ್ಲ. ತಕ್ಷಣ ಡಾಕ್ಟರನ್ನು ಕರೆಯಬೇಕು. ಮನೆಗೆ ಹೋದ ಮೇಲೆ ಕಂಡರೆ ಬೆಳಗಾಗಲೆಂದು ಕಾಯದೆ 108ಕ್ಕೆ ಫೋನ್ ಮಾಡಬೇಕು. ಉಳಿದ ಎಲ್ಲರಿಗೂ, ಅಂದರೆ ಆಪರೇಷನ್ ಆದವರಲ್ಲಿ ಬಹುಪಾಲು ಜನರಿಗೆ, ವಾಕರಿಕೆ-ನೀರಡಿಕೆಯನ್ನು ತಗ್ಗಿಸುವ ದಾರಿ ಇದೆ. ತಾಲ್ಲೂಕು ಆಸ್ಪತ್ರೆಯ ಆಡಳಿತಾಧಿಕಾರಿಗಳು, ಆರೋಗ್ಯ ರಕ್ಷಾ ಸಮಿತಿಯ ಸದಸ್ಯರು ಆ ನಾಲ್ಕು ಸಮಯದ ಹಾಳೆಯನ್ನು ಜಾರಿಗೆ ತರಲಿ. ಅದಕ್ಕೆ ಬೇಕಾದ್ದು ಒಂದು ಜೆರಾಕ್ಸ್ ಪ್ರತಿಯ ಖರ್ಚು. ಅದು ಬರುವವರೆಗೆ ಓದುಗರು ಒಂದು ಕೆಲಸ ಮಾಡಬಹುದು. ನಿಮ್ಮವರನ್ನು ಆಪರೇಷನ್ನಿಗೆ ಕರೆದೊಯ್ಯುವಾಗ ಜೀವದ, ಖರ್ಚಿನ ಪ್ರಶ್ನೆಗಳ ಜೊತೆಗೆ ಇನ್ನೂ ಮೂರನ್ನು ಕೇಳಿ: ನೀರು ಎಷ್ಟು ಹೊತ್ತಿನವರೆಗೆ ಕುಡಿಯಬಹುದು, ಆಪರೇಷನ್ ಆದ ಮೇಲೆ ಎಷ್ಟು ಹೊತ್ತಿಗೆ ಕೊಡಬಹುದು, ಬಸ್ಸಿನಲ್ಲಿ ವಾಂತಿ ಆಗುವವರಿಗೆ ಮುಂಚೆಯೇ ಏನು ಔಷಧ ಕೊಡುತ್ತೀರಿ. ಉತ್ತರವನ್ನು ಬರೆಸಿಕೊಳ್ಳಿ. ಹಾಗೆ ಕೇಳುವುದು ಉದ್ಧಟತನವಲ್ಲ, ರೋಗಿಯ ಹಕ್ಕು.